ಪುಟ್ಸಿದ್ದಿಯ ಎಡಗೈ

ನಂಜನಗೂಡು ಇಲ್ಲವೇ ತಿ. ನರಸೀಪುರ ತಾಲ್ಲೂಕಿನ ಶಾಲೆಯಲ್ಲಿ ನಿಮ್ಮ ಮನೆಯ ಮಗು ಓದುತ್ತಿದ್ದರೆ ಅದರ ಚೀಲದಲ್ಲಿ ‘ಪುಟ್ಸಿದ್ದಿಯ ಹರಿಗೋಲು’ ಎಂಬ ಬಣ್ಣದ ಕಾಮಿಕ್ಸ್ ಪುಸ್ತಕ ಇದ್ದೀತು. ಮುಖಪುಟದ ಕೆಳಗೆ ‘ಕಥೆ, ಚಿತ್ರ: ಕೋಮಲ, ಹದಿನಾರು’ ಎಂದು, ಅವಳ ಊರಿನ ಹೆಸರೂ ಸೇರಿ, ಅಚ್ಚಾಗಿದೆ. ಅದು ಶುದ್ಧ ಸುಳ್ಳು. ಆ ಪುಸ್ತಕ ಕೋಮಲಳದ್ದಲ್ಲ. ಕೋಮಲ ಮಾಡಿದ ಪುಸ್ತಕವನ್ನು ಕೆಡಿಸಿ, ಮೇಲೆ ಅವಳದೇ ಹೆಸರು ಹಾಕಿ ಹಂಚಿದವನು ನನ್ನ ಸ್ವಂತ ಚಿಕ್ಕಪ್ಪನ ಮಗ ರಘೂತ್ತಮ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ದೇವಸ್ಥಾನದ ಬೀದಿಯಲ್ಲಿ ನಿಂತು ಹೇಳಿಯೂ ಆಗಿದೆ. ‘ರಂಜನಿಗೆ ವಯಸ್ಸಾಯಿತು, ತಲೆ ಕೆಟ್ಟಿದೆ’ ಎಂದು ನಮ್ಮ ನೆಂಟರು ಮಾತಾಡಿಕೊಳ್ಳುತ್ತಾರಂತೆ. ಮಾತಾಡಿಕೊಳ್ಳಲಿ. ನನ್ನ ತಲೆ ನೆಟ್ಟಗಿದೆ, ಅದಕ್ಕೇ ಕೋಪ ಬರುತ್ತಿದೆ.

ಕೋಮಲ ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ನಾನು ನಂಜನಗೂಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕೋಮಲ ಅಲ್ಲಿ ನನ್ನ ವಿದ್ಯಾರ್ಥಿನಿ. ಹದಿನಾರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಸಣಕಲು ಹುಡುಗಿ, ಬಾಯಿ ಬಿಟ್ಟರೆ ಎದುರು ಮಾತೇ. ಒಂದು ದಿನ ನಾನು ವ್ಯಾಕರಣ ಹೇಳುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಕಿಸಕ್ ಎಂದು ನಗು ಕೇಳಿಸಿತು. ಹೋಗಿ ಅವಳ ನೋಟ್‌ಬುಕ್ ಕಿತ್ತುಕೊಂಡೆ. ಕೊನೆಯ ಹಾಳೆಯಲ್ಲಿ ಒಂದರ ಪಕ್ಕ ಒಂದು ಚೌಕ ಗೀಚಿ, ಒಳಗೆ ನನ್ನನ್ನೇ ಬರೆದಿದ್ದಳು. ಮೊದಲ ಚೌಕದಲ್ಲಿ ನಾನು ಸುಮ್ಮನೆ ನಿಂತಿದ್ದೆ. ಕೊನೆಯದರಲ್ಲಿ ನನ್ನ ಮೂಗಿನ ಹೊಳ್ಳೆಗಳು ಬಿಟ್ಟರೆ ಇನ್ನೇನೂ ಇರಲಿಲ್ಲ.

“ನನ್ನ ಮೂಗು ಇಷ್ಟು ದಪ್ಪ ಇದೆಯೇನೇ?” ಎಂದೆ.

“ಯಾವಾಗ್ಲೂ ಇಲ್ಲ ಮಿಸ್. ಕ್ವಾಪ ಬಂದಾಗ ಇಷ್ಟಾಯ್ತದೆ,” ಎಂದಳು.

ಕಪಾಳಕ್ಕೆ ಬಿಗಿಯಲು ಎತ್ತಿದ ಕೈ ಹಾಗೇ ನಿಂತಿತು, ಯಾಕೆಂದರೆ ನಗು ಬಂದುಬಿಟ್ಟಿತ್ತು. ಆ ಹಾಳೆಯನ್ನು ಹರಿದು ಮನೆಗೆ ತಂದೆ. ನಮ್ಮ ಯಜಮಾನರು ಅದನ್ನು ನೋಡಿ, ‘ಯಾರೋ ನಿನ್ನನ್ನು ಸರಿಯಾಗಿ ನೋಡಿದ್ದಾರೆ’ ಎಂದರು.

ಕೋಮಲಳದ್ದು ಊರಾಚೆ ಕೇರಿಯ ಬೌದ್ಧರ ಮನೆ. ತಂದೆ ಹುಚ್ಚಯ್ಯನಿಗೆ ಇದ್ದದ್ದು ತುಂಡು ಗದ್ದೆ, ಉಳಿದ ದಿನ ಕೂಲಿ. ತಾಯಿ ದೊಡ್ಡಮ್ಮ, ಹೆಸರಿಗೆ ತಕ್ಕ ಗಂಟಲು. ಅಣ್ಣ ಮಾದೇಶ್ ತಿ. ನರಸೀಪುರದ ಒಂದು ಕಚೇರಿಯಲ್ಲಿ ಅಟೆಂಡರ್. ಮಗಳು ಚಿತ್ರಕಲೆ ಓದುತ್ತೇನೆ ಎಂದಾಗ ಹುಚ್ಚಯ್ಯ, ‘ಚಿತ್ರ ಬರ್ದು ಏನ್ ಮಾಡೀಯೆ?’ ಎಂದು ಒಂದೇ ಸಲ ಕೇಳಿ ಸುಮ್ಮನಾಗಿ, ಮೈಸೂರಿಗೆ ಕಳಿಸಿದ. ಅವಳು ಡಿಪ್ಲೊಮಾ ಮುಗಿಸಿ ಬಂದಳು. ಮಕ್ಕಳಿಗೆ ಕಾಮಿಕ್ಸ್ ಮಾಡುತ್ತೇನೆ ಎಂದು ಮೈಸೂರಿನ ಎಷ್ಟೋ ಬಾಗಿಲು ತಟ್ಟಿದಳು. ಎಲ್ಲರೂ ‘ಚೆನ್ನಾಗಿದೆಯಮ್ಮಾ’ ಎಂದು ಟೀ ಕುಡಿಸಿ ಕಳಿಸಿದರು. ಚೆನ್ನಾಗಿದ್ದರೆ ತೆಗೆದುಕೊಳ್ಳಬೇಕು ತಾನೇ? ಟೀ ಯಾರಿಗೆ ಬೇಕಿತ್ತು?

ಕೊನೆಗೆ ಅವಳಿಗೆ ಕೆಲಸ ಸಿಕ್ಕಿದ್ದು ತಿ. ನರಸೀಪುರದ ಬಸ್‌ಸ್ಟ್ಯಾಂಡ್ ಪಕ್ಕ, ಬೆಟ್ಟಸ್ವಾಮಿಯ ಫ್ಲೆಕ್ಸ್ ಅಂಗಡಿಯಲ್ಲಿ. ಹುಟ್ಟುಹಬ್ಬ, ನಾಮಕರಣ, ಶ್ರದ್ಧಾಂಜಲಿ, ಯಾವ ಫ್ಲೆಕ್ಸ್ ಬೇಕಾದರೂ ಅವಳೇ ಕಂಪ್ಯೂಟರಿನಲ್ಲಿ ಜೋಡಿಸಬೇಕು. ನಡುವೆ ಯಾರೋ ಲೀಡರ್, ಸುತ್ತ ಅವನ ಹಿಂಬಾಲಕರು. ಹಿಂಬಾಲಕರ ಮುಖವೆಲ್ಲ ಲೀಡರಿನ ಕಡೆಗೇ ಇರಬೇಕು. ಯಾವನಾದರೂ ಆಚೆ ಕಡೆ ನೋಡುತ್ತಿದ್ದರೆ ಕಂಪ್ಯೂಟರಿನಲ್ಲಿ ಅವನ ಫೋಟೊವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಹಾಕುವುದು. ಹಾಗೆ ತಿರುವಿದಾಗ ಎಡಗಡೆ ಇದ್ದ ಅಂಗಿಯ ಜೇಬು ಬಲಕ್ಕೆ ಬರುತ್ತದೆ, ಎಡಗೈಯ ವಾಚು ಬಲಗೈಗೆ ಏರುತ್ತದೆ. ಯಾರೂ ಗಮನಿಸುವುದಿಲ್ಲ. ನಾನು ಅವಳನ್ನು ನೋಡಲು ಹೋದಾಗ ರಸ್ತೆಯಲ್ಲಿ ತೂಗುಹಾಕಿದ ಫ್ಲೆಕ್ಸ್‌ಗಳನ್ನು ತೋರಿಸಿ, “ನೋಡಿ ಮಿಸ್, ಅವ್ನು ತಿರ್ಗಿದ್ದವ್ನು. ಇವ್ನೂ ತಿರ್ಗಿದ್ದವ್ನೇ. ಜೇಬು ನೋಡಿ!” ಎಂದು ನಗುತ್ತಿದ್ದಳು. ಆಗ ನಾನೂ ನಕ್ಕೆ.

ಅಂಗಡಿ ಮುಗಿಸಿ ಊರಿಗೆ ಹೋದ ಮೇಲೆ, ಮತ್ತು ರಜೆಯ ದಿನಗಳಲ್ಲಿ, ಅವಳು ಕಾಮಿಕ್ಸ್ ಬರೆಯುತ್ತಿದ್ದಳು. ಪಾತ್ರಗಳ ಮಾತು ತುಂಬುವ ಗುಳ್ಳೆಗಳೊಳಗಿನ ಅಕ್ಷರ ನನ್ನದು. ನನ್ನ ಕೈಬರಹ ದುಂಡಗಿದೆ, ಚಿಕ್ಕ ಮಕ್ಕಳು ಓದಬಹುದು ಎಂದು ಅವಳೇ ಬಂದು ಕೇಳಿಕೊಂಡಳು. ನಾನು ದೊಡ್ಡ ಕನ್ನಡ ಪಂಡಿತೆ ಎಂಬ ಜಂಭದಲ್ಲಿ ಮೊದಲ ಸಲ ಗುಳ್ಳೆಗಳ ತುಂಬ ಮಾತು ತುರುಕಿ ಕಳಿಸಿದೆ. ಮರುದಿನವೇ ಫೋನು.

“ಮಿಸ್, ಗುಳ್ಳೇಲಿ ಈಪಾಟಿ ಮಾತ್ ತುಂಬುದ್ರೆ ನಾನು ಮಕ ಎಲ್ಲಿಡ್ಲಿ? ಅರ್ಧ ಕಿತ್ತಾಕಿ.”

ಅರ್ಧ ಕಿತ್ತುಹಾಕಿದೆ. ಅವಳು ಇನ್ನೂ ಅರ್ಧ ಕಿತ್ತುಹಾಕಿದಳು. ಅವಳ ಕೆಲಸದ ರೀತಿಯೇ ಬೇರೆ. ಮೊದಲು ಪೆನ್ಸಿಲಿನಲ್ಲಿ ಬರಿಯ ಚಿತ್ರ ಬರೆದು, ಗುಳ್ಳೆಗಳನ್ನು ಖಾಲಿ ಬಿಟ್ಟು, ಬೀದಿಯ ಮಕ್ಕಳನ್ನೆಲ್ಲ ಜಗುಲಿಯ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದಳು. ‘ಈಗ ಇವ್ಳು ಏನಂತಾಳೆ?’ ಎಂದು ಕೇಳುತ್ತಿದ್ದಳು. ಮಕ್ಕಳು ಏನು ಹೇಳುತ್ತಾರೋ ಅದೇ ಮಾತು. ಯಾವುದಾದರೂ ಮಗು ಹಾಳೆ ಹಿಂದಕ್ಕೆ ತಿರುಗಿಸಿ ನೋಡಿದರೆ, ಅಲ್ಲಿ ಏನೋ ತಪ್ಪಿದೆ ಎಂದು ಇಡೀ ಪುಟವನ್ನು ಮತ್ತೆ ಬರೆಯುತ್ತಿದ್ದಳು. ಮೊದಲು ಮಾತಾಡುವವರು ಚೌಕದ ಎಡಗಡೆ ನಿಲ್ಲಬೇಕು, ಉತ್ತರ ಕೊಡುವವರು ಬಲಗಡೆ. ಇಲ್ಲದಿದ್ದರೆ ಮಗು ಉತ್ತರವನ್ನು ಮೊದಲು ಓದಿ ಪ್ರಶ್ನೆಯನ್ನು ಆಮೇಲೆ ಓದುತ್ತದೆ. ಇಂಥವನ್ನೆಲ್ಲ ನಾನು ಅವಳಿಂದ ಬೈಸಿಕೊಂಡೇ ಕಲಿತೆ.

ಆ ಜಗುಲಿಯ ಮಕ್ಕಳಲ್ಲಿ ಒಬ್ಬಳು ಲಿಖಿತಾ, ಮಾದೇಶನ ಮಗಳು, ಕೋಮಲಳ ಸೋದರ ಸೊಸೆ. ಮೂರನೇ ಕ್ಲಾಸು. ಅವಳು ಎಡಚಿ. ಬರೆಯುವುದು, ಉಣ್ಣುವುದು, ಕಲ್ಲು ಬೀಸುವುದು ಎಲ್ಲವೂ ಎಡಗೈಯಲ್ಲೇ. ಕೋಮಲಳ ಪೆನ್ಸಿಲು ಕದ್ದು ಜಗುಲಿಯ ಗೋಡೆಯ ತುಂಬ ಕೋಳಿ, ನಾಯಿ, ಬಸ್ಸು ಬರೆದವಳು. ಕೋಮಲ ಅದಕ್ಕೆ ಸುಣ್ಣ ಹೊಡೆಯಲು ಬಿಟ್ಟಿರಲಿಲ್ಲ.

ಆ ಮಗುವಿನ ಕೈಯ ಮೇಲೆ ಊರಿಗೆ ಊರೇ ಬಿದ್ದಿತ್ತು. ಮನೆಯಲ್ಲಿ ಅಜ್ಜಿ ದೊಡ್ಡಮ್ಮ. “ಎಡ್ಗೈಲಿ ಉಣ್ಣೋ ಎಣ್ಣ ನಾಳೆ ಯಾರ್ ಮನೆ ತುಂಬುಸ್ಕೊಂಡಾರು? ಆ ಕೈ ಮಡುಚ್ಕೊಂಡು ಕೂತ್ಕೊಳ್ಳೇ!” ಎಂದು ತಟ್ಟೆಯ ಮುಂದೆ ನಿತ್ಯ ಗದ್ದಲ. ಒಂದು ಮದುವೆಯಲ್ಲಿ ಯಾವಳೋ ನೆಂಟಳು ಎಲೆಯ ಮುಂದಿನಿಂದ ಮಗುವನ್ನು ಎಬ್ಬಿಸಿ ಮೂಲೆಗೆ ಕೂರಿಸಿದಳಂತೆ. ಶಾಲೆಯಲ್ಲಿ ಪವಿತ್ರಾ ಮಿಸ್. ಸ್ಕೇಲು ತಿರುಗಿಸಿ, ಅದರ ಅಂಚಿನಿಂದ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದಳು. ಹೊಡೆದು, ‘ನಿನ್ನ ಒಳ್ಳೇದಕ್ಕೇ’ ಎನ್ನುತ್ತಿದ್ದಳು. ಮೂವತ್ತು ವರ್ಷ ಪಾಠ ಮಾಡಿದ್ದೇನೆ ನಾನು, ಮಕ್ಕಳಿಗೆ ಬೈದಿದ್ದೇನೆ, ಕಿವಿ ಹಿಂಡಿದ್ದೇನೆ. ಆದರೆ ಮಗು ಯಾವ ಕೈಯಲ್ಲಿ ಬರೆಯಿತು ಎಂದು ಮುಟ್ಟಿದವಳಲ್ಲ. ಬರೆದರೆ ಸಾಕಪ್ಪಾ ಎಂದು ಕಾಯುತ್ತಿದ್ದೆವು ನಾವು.

ತಮಾಷೆ ನೋಡಿ. ನಮ್ಮ ಅಗ್ರಹಾರಕ್ಕೂ ಅವರ ಕೇರಿಗೂ ನೂರೆಂಟು ವಿಷಯದಲ್ಲಿ ಆಗಿಬರುವುದಿಲ್ಲ. ಈ ಎಡಗೈ ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ಎಳ್ಳಷ್ಟೂ ಜಗಳವಿಲ್ಲ.

ಲಿಖಿತಾ ನಿಧಾನಕ್ಕೆ ಚಿತ್ರ ಬರೆಯುವುದನ್ನೇ ಬಿಟ್ಟಳು. ಎಲ್ಲರ ಎದುರು ಉಣ್ಣುವುದನ್ನು ಬಿಟ್ಟಳು. ಜಗುಲಿಯಲ್ಲಿ ಕೂತರೆ ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುವಳು. ಅದನ್ನು ಮೊದಲ ಸಲ ನೋಡಿದ ದಿನ ಕೋಮಲ ನನಗೆ ಫೋನು ಮಾಡಿ ಮಾತಾಡಲಾರದೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಇವ್ರ್ಗೆಲ್ಲ ಬುದ್ಧಿ ಏಳಕ್ಕಾಗಕಿಲ್ಲ ಮಿಸ್. ಆ ಕೂಸ್ಗೆ ಒಂದ್ ಪುಸ್ತ್ಕ ಮಾಡ್ತೀನಿ,” ಎಂದಳು.

ಹಾಗೆ ಹುಟ್ಟಿದವಳು ಪುಟ್ಸಿದ್ದಿ. ಎರಡು ಜಡೆ, ಸರ್ಕಾರಿ ಶಾಲೆಯ ಯೂನಿಫಾರಂ, ಎಡಚಿ. ಅವಳ ಜೊತೆಗೆ ಮಾದು ಎಂಬ ಬಾಯಿಬಡುಕ ಹುಡುಗ. ಕಥೆ ಇಷ್ಟೇ: ಸಂಗಮದಲ್ಲಿ ಹರಿಗೋಲು ನಡೆಸುವ ತಾತನ ಕೈಗೆ ಪೆಟ್ಟಾಗಿದೆ, ಮಕ್ಕಳು ಅವನನ್ನು ಆಚೆ ದಡಕ್ಕೆ ಕರೆದೊಯ್ಯಬೇಕು. ಮಾದು ಬಲಗೈಯಲ್ಲಿ ಬಲಗಡೆಯೇ ಹುಟ್ಟು ಹಾಕುತ್ತಾನೆ, ಹರಿಗೋಲು ನಿಂತಲ್ಲೇ ಗಿರಗಿರ ಸುತ್ತುತ್ತದೆ. ಪುಟ್ಸಿದ್ದಿ ಇನ್ನೊಂದು ಹುಟ್ಟು ತೆಗೆದುಕೊಂಡು ಎಡಗಡೆ ಕೂತು ಎಡಗೈಯಲ್ಲಿ ಹಾಕುತ್ತಾಳೆ, ಹರಿಗೋಲು ನೆಟ್ಟಗೆ ಹೋಗುತ್ತದೆ. ದಡದಲ್ಲಿ ಊಟದ ಪಂಕ್ತಿ. ಪುಟ್ಸಿದ್ದಿ ಎಡಗೈ ಎಲೆಗೆ ಇಡುತ್ತಲೇ ಒಬ್ಬ ಮುದುಕಿ ಗದರುತ್ತಾಳೆ. ಆಗ ತಾತ ಹೇಳುತ್ತಾನೆ: “ನಮ್ಮುನ್ನ ದಡ ಮುಟ್ಸಿದ್ದು ಆ ಕೈನೇ. ಅದೇ ಮೊದ್ಲು ಉಣ್ಲಿ ಬುಡವ್ವ!”

ಆ ಕೊನೆಯ ಮಾತು ಜಗುಲಿಯ ಉಳಿದ ಮಕ್ಕಳು ಕೊಟ್ಟಿದ್ದಲ್ಲ, ನಾನು ಬರೆದಿದ್ದೂ ಅಲ್ಲ. ಲಿಖಿತಾ ಹೇಳಿದ್ದು. ಖಾಲಿ ಗುಳ್ಳೆಯನ್ನು ತುಂಬ ಹೊತ್ತು ನೋಡಿ, ಯಾರಿಗೂ ಕೇಳಿಸದ ಹಾಗೆ ಕೋಮಲಳ ಕಿವಿಯಲ್ಲಿ ಹೇಳಿದಳಂತೆ. ನಾನು ಅದನ್ನು ನನ್ನ ಅತಿ ದುಂಡಗಿನ ಅಕ್ಷರದಲ್ಲಿ ಬರೆದೆ. ಪುಸ್ತಕ ಮುಗಿಯುವ ಹೊತ್ತಿಗೆ ಆ ಮಗು ಮತ್ತೆ ಪೆನ್ಸಿಲು ಹಿಡಿದಿತ್ತು. ಬೆಟ್ಟಸ್ವಾಮಿಯ ಅಂಗಡಿಯ ಹಳೆಯ ಫ್ಲೆಕ್ಸ್‌ಗಳನ್ನು ಕೋಮಲ ಮನೆಗೆ ತಂದು, ಲೀಡರುಗಳ ಮುಖ ಕೆಳಗೆ ಮಾಡಿ ನೆಲಕ್ಕೆ ಹಾಸಿಕೊಡುತ್ತಿದ್ದಳು. ಹಿಂಬದಿಯ ಬಿಳಿಯ ಮೇಲೆ ಲಿಖಿತಾ ಮಂಡಿಯೂರಿ ಆಳೆತ್ತರದ ಪುಟ್ಸಿದ್ದಿಗಳನ್ನು ಬರೆಯುತ್ತಿದ್ದಳು, ಎಡಗೈಯಲ್ಲಿ.

ಇಲ್ಲಿಗೆ ರಘೂತ್ತಮ ಬಂದ. ಅವನು ನಿವೃತ್ತ ಪ್ರಿನ್ಸಿಪಾಲ. ಒಂದು ಟ್ರಸ್ಟ್ ಇಟ್ಟುಕೊಂಡು ಮಕ್ಕಳ ಪುಸ್ತಕ ಮಾಡಿ ಶಾಲೆಗಳಿಗೆ ಹಂಚುತ್ತಾನೆ. ನಮ್ಮ ಮನೆಯಲ್ಲಿ ಪುಟ್ಸಿದ್ದಿಯ ಹಾಳೆಗಳನ್ನು ಕಂಡು, “ಅಕ್ಕಾ, ಇದನ್ನ ನಾವೇ ತರ್ತೀವಿ. ಎರಡು ತಾಲ್ಲೂಕಿನ ಎಲ್ಲಾ ಶಾಲೆಗೂ ಕೊಡ್ತೀವಿ,” ಎಂದು ಕುಣಿದಾಡಿದ. ಕೋಮಲ ಕೇಳಿಕೊಂಡದ್ದು ಒಂದೇ. ಬಿಡುಗಡೆಯ ದಿನ ರಿಬ್ಬನ್ನು ಗಿಬ್ಬನ್ನು ಬೇಡ, ನಮ್ಮ ಲಿಖಿತಾ ಸ್ಟೇಜಿನ ಮೇಲೆ ಬೋರ್ಡಿನಲ್ಲಿ ಪುಟ್ಸಿದ್ದಿಯ ಚಿತ್ರ ಬರೆಯಲಿ, ಅದೇ ಬಿಡುಗಡೆ. ರಘೂತ್ತಮ ಖುಷಿಯಿಂದ ಒಪ್ಪಿದ. ಅವಳ ಲೆಕ್ಕಾಚಾರ ನನಗೆ ಗೊತ್ತಿತ್ತು. ಅಜ್ಜಿ ಎದುರಿಗೆ ಕೂತಿರುತ್ತಾಳೆ, ಪವಿತ್ರಾ ಮಿಸ್ ಕ್ಲಾಸನ್ನು ಕರೆದುಕೊಂಡು ಬಂದಿರುತ್ತಾಳೆ. ಅವರೆಲ್ಲರ ಮುಂದೆ ಮಗು ಎಡಗೈಯಲ್ಲಿ ಬರೆದು ಚಪ್ಪಾಳೆ ತೆಗೆದುಕೊಂಡುಬಿಟ್ಟರೆ, ಆ ಪುಸ್ತಕವನ್ನೇ ಶಾಲೆಯಲ್ಲಿ ಪಾಠದ ಹಾಗೆ ಓದಿಸಿದರೆ, ಆಮೇಲೆ ಯಾರು ಸ್ಕೇಲು ಎತ್ತುತ್ತಾರೆ? ಲಿಖಿತಾಗೆ ಅವಳು ಹೇಳಿದ್ದೂ ಅದನ್ನೇ: ‘ಪುಸ್ತ್ಕ ಬಂದ್ಬುಟ್ರೆ ನಿನ್ ಕೈನ ಯಾರೂ ಮುಟ್ಟಕಿಲ್ಲ ಕೂಸೇ.’

ಅಚ್ಚಿಗೆ ಹೋಗುವ ಮೊದಲು ಒಮ್ಮೆ ತೋರಿಸಿ ಎಂದು ನಾನು ರಘೂತ್ತಮನಿಗೆ ಹೇಳುತ್ತಲೇ ಇದ್ದೆ. ‘ಕಳಿಸ್ತೀನಿ ಅಕ್ಕ, ಕಳಿಸ್ತೀನಿ’ ಎನ್ನುತ್ತಿದ್ದ. ಆಮೇಲೆ ಫೋನನ್ನೇ ಎತ್ತಲಿಲ್ಲ.

ಬಿಡುಗಡೆ ತಿ. ನರಸೀಪುರದ ಒಂದು ಸಮುದಾಯ ಭವನದಲ್ಲಿ. ಬೆಳಗ್ಗೆಯೇ ಶಾಲಾ ಮಕ್ಕಳು ತುಂಬಿದ್ದರು. ಲಿಖಿತಾಗೆ ಹೊಸ ಲಂಗ, ತಲೆಗೆ ಎಣ್ಣೆ. ಕೋಮಲ ಸೀರೆ ಉಟ್ಟಿದ್ದಳು, ನಾನು ಅವಳನ್ನು ಸೀರೆಯಲ್ಲಿ ನೋಡಿದ್ದು ಅದೇ ಮೊದಲು. ಸ್ಟೇಜಿನ ಪಕ್ಕ ಪುಸ್ತಕದ ಡಬ್ಬಗಳಿದ್ದವು. ಒಂದನ್ನು ಬಿಚ್ಚಿ ಒಂದು ಪುಸ್ತಕ ತೆಗೆದೆವು. ಕಾಗದ ಫಳಫಳ ಹೊಳೆಯುತ್ತಿತ್ತು. ನಾನು ಮೊದಲು ನೋಡಿದ್ದು ನನ್ನ ಅಕ್ಷರವನ್ನು. ಅದು ಅಲ್ಲಿ ಇರಲಿಲ್ಲ. ಕೆಲವು ಪುಟಗಳಲ್ಲಿ ಗುಳ್ಳೆಗಳ ತುಂಬ ಸಣ್ಣ ಕಂಪ್ಯೂಟರ್ ಅಕ್ಷರ. ನನ್ನ ಮೂಗಿನ ಹೊಳ್ಳೆ ಅರಳಿತು. ‘ಇವನ ಮನೆ ಹಾಳಾಗ’ ಎಂದುಕೊಳ್ಳುವಷ್ಟರಲ್ಲಿ ಕೋಮಲ ಪಿಸುಗುಟ್ಟಿದಳು.

“ಮಿಸ್, ಜೇಬು.”

ಪುಟ್ಸಿದ್ದಿಯ ಯೂನಿಫಾರಂ ಜೇಬು ಬಲಗಡೆ ಇತ್ತು. ಹಿಂದಿನ ಚೌಕದಲ್ಲಿ ಅದು ಸರಿಯಾಗಿ ಎಡಗಡೆಯೇ ಇದೆ. ಮುಂದಿನದರಲ್ಲಿ ಮತ್ತೆ ಬಲಗಡೆ. ಪುಟ ತಿರುಗಿಸಿದೆವು, ತಿರುಗಿಸಿದೆವು. ಎಲ್ಲೆಲ್ಲಿ ಪುಟ್ಸಿದ್ದಿ ಬರೆಯುತ್ತಾಳೋ, ಯಾರಿಗಾದರೂ ಏನಾದರೂ ಕೊಡುತ್ತಾಳೋ, ಹುಟ್ಟು ಹಾಕುತ್ತಾಳೋ, ಉಣ್ಣುತ್ತಾಳೋ, ಆ ಚೌಕಗಳನ್ನೆಲ್ಲ ಹುಡುಕಿ ಹುಡುಕಿ ತಿರುವಿದ್ದರು. ಅವಳು ಈಗ ಬಲಗೈಯವಳು. ತಿರುವಿದರೆ ನನ್ನ ಅಕ್ಷರವೂ ತಿರುಗುತ್ತದಲ್ಲ, ಅದಕ್ಕೇ ಅದನ್ನು ಅಳಿಸಿ ಕಂಪ್ಯೂಟರ್ ಅಕ್ಷರ ಹಾಕಿದ್ದು.

ಮಾಡಿದ ಘನಕಾರ್ಯವನ್ನಾದರೂ ನೆಟ್ಟಗೆ ಮಾಡಿದ್ದರೋ? ಹರಿಗೋಲಿನ ಪುಟದಲ್ಲಿ ಮಾದು ಬಲಗೈಯಲ್ಲಿ ಹುಟ್ಟು ಹಾಕಿ ಸುತ್ತುತ್ತಿದ್ದಾನೆ. ಮುಂದಿನ ಚೌಕದಲ್ಲಿ ಪುಟ್ಸಿದ್ದಿಯೂ ಬಲಗೈಯಲ್ಲಿ ಹಾಕುತ್ತಿದ್ದಾಳೆ, ಮಾದುವಿನ ಹುಟ್ಟು ಹೇಗೋ ಎಡಗೈಗೆ ಬಂದಿದೆ! ಒಬ್ಬ ಎಡಚಿಯನ್ನು ಅಳಿಸಲು ಹೋಗಿ ಒಬ್ಬ ಎಡಚನನ್ನು ಹುಟ್ಟಿಸಿದ್ದರು ಈ ಪಂಡಿತರು. ಎಡಗಡೆ ನಿಂತವಳು ಬಲಕ್ಕೆ ಹೋದದ್ದರಿಂದ ಮಾದು ಮೊದಲೇ, “ನಂಗೊಂದೇ ಕೈ ಬರೋದು ಕಣೇ!” ಎಂದು ಕಿರುಚುತ್ತಾನೆ, ಅವಳು ಆಮೇಲೆ, “ಯಾಕ್ಲಾ ಸುತ್ತುತ್ತಾ ಅದೆ?” ಎಂದು ಕೇಳುತ್ತಾಳೆ. ಹರಿಗೋಲು ಯಾಕೆ ನೆಟ್ಟಗೆ ಹೋಯಿತು ಎನ್ನುವುದು ಆ ಪುಸ್ತಕದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಕೊನೆಯ ಪುಟ. ಗದರುವ ಮುದುಕಿಯೇ ಇಲ್ಲ. ಪುಟ್ಸಿದ್ದಿ ಬಲಗೈಯಲ್ಲಿ ಉಣ್ಣುತ್ತಿದ್ದಾಳೆ. ತಾತನ ಗುಳ್ಳೆಯಲ್ಲಿ, ‘ಚೆನ್ನಾಗಿ ಊಟ ಮಾಡು ಮಗು’ ಎಂದಿದೆ.

ನಾನು ರಘೂತ್ತಮನನ್ನು ಸ್ಟೇಜಿನ ಹಿಂದಕ್ಕೆ ಎಳೆದುಕೊಂಡು ಹೋದೆ. ಎಳೆದೇ ಹೋದದ್ದು, ಅವನ ಜುಬ್ಬಾ ಹಿಡಿದು.

“ಏನೋ ಇದು?”

“ಅಕ್ಕಾ, ಮೆಲ್ಲಗೆ. ಸಮಿತಿಯಲ್ಲಿ ಚರ್ಚೆ ಆಯ್ತು. ಮಕ್ಕಳ ಪುಸ್ತಕ ಅಲ್ಲವಾ, ಎಡಗೈಲಿ ಊಟ ಮಾಡೋದು, ಎಡಗೈಲಿ ಕೊಡೋದು ಎಲ್ಲ ತೋರಿಸಿದರೆ ಪೋಷಕರು ಏನಂತಾರೆ? ಕಥೆ ಅದೇ ಇದೆ. ಕಂಪ್ಯೂಟರ್‌ನಲ್ಲಿ ಒಂದು ಗುಂಡಿ ಒತ್ತಿದ್ದು ಅಷ್ಟೆ.”

“ಆ ಮಗು ಎಡಚಿ ಅನ್ನೋದೇ ಕಥೆ ಕಣೋ ಮುಠ್ಠಾಳ!”

“ಅವರ ಕಡೆ ಅದೆಲ್ಲ ನಡೆಯುತ್ತೋ ಏನೋ ಅಕ್ಕ. ಪುಸ್ತಕ ಎಲ್ಲರ ಮನೆಗೂ ಹೋಗುತ್ತೆ.”

ಅವರ ಕಡೆ! ನನಗೆ ಮೈಯೆಲ್ಲ ಉರಿದುಹೋಯಿತು. ಕೋಮಲ ನನ್ನ ಹಿಂದೆಯೇ ನಿಂತಿದ್ದಳು, ಕೇಳಿಸಿಕೊಂಡಳು. ಅವಳ ಅಮ್ಮ ನಿತ್ಯ ತಟ್ಟೆಯ ಮುಂದೆ ಮಾಡುವ ರಂಪ ಇವನಿಗೇನು ಗೊತ್ತು! ಬಾಯಿಗೆ ಬಂದಂತೆ ಬೈದೆ. ಅವರಪ್ಪನನ್ನೂ ಬಿಡಲಿಲ್ಲ, ಅವರಪ್ಪ ಎಂದರೆ ನನಗೆ ಚಿಕ್ಕಪ್ಪನೇ. ಅವನು ಜುಬ್ಬಾ ಸರಿಮಾಡಿಕೊಳ್ಳುತ್ತ, “ಈಗ ಜನ ಬಂದಿದ್ದಾರೆ, ಕಾರ್ಯಕ್ರಮ ಆಗಿಬಿಡಲಿ, ಎರಡನೇ ಮುದ್ರಣದಲ್ಲಿ ನೋಡೋಣ,” ಎಂದು ಹೊರಟೇಹೋದ.

ನಾವು ವಾಪಸ್ಸು ಬಂದಾಗ ಲಿಖಿತಾ ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮಡಿಲಲ್ಲಿ ಪುಸ್ತಕ. ಯಾರೋ ಕೊಟ್ಟುಬಿಟ್ಟಿದ್ದರು. ಅವಳು ಮೊದಲ ಪುಟ ತೆಗೆದಿರಲಿಲ್ಲ, ನೇರವಾಗಿ ಕೊನೆಯ ಪುಟ ತೆಗೆದು, ತನ್ನ ಮಾತು ಇರಬೇಕಾದ ಗುಳ್ಳೆಯನ್ನು ನೋಡುತ್ತಿದ್ದಳು. ಕೋಮಲಳನ್ನು ಕಂಡು ತಲೆ ಎತ್ತಿದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ತಿಳಿದುಕೊಳ್ಳಲು ಕೇಳುವ ಹಾಗೆ ಕೇಳಿದಳು.

“ಅತ್ತೆ, ಪುಟ್ಸಿದ್ದಿಗೂ ಒಡುದ್ರಾ?”

ಕೋಮಲ ಬಾಗಿ ಅವಳ ಮಡಿಲಿನ ಪುಸ್ತಕವನ್ನು ಮುಚ್ಚಿದಳು. ಅಷ್ಟರಲ್ಲಿ ಮೈಕಿನಲ್ಲಿ, ‘ಈಗ ಪುಟಾಣಿ ಲಿಖಿತಾ ಚಿತ್ರ ಬರೆಯುವ ಮೂಲಕ ಪುಸ್ತಕವನ್ನು ಲೋಕಾರ್ಪಣೆ ಮಾಡುತ್ತಾಳೆ’ ಎಂದು ಕೂಗಿದರು. ಯಾರೋ ಸ್ವಯಂಸೇವಕಿ ಬಂದು ಮಗುವಿನ ಭುಜ ಹಿಡಿದು ಸ್ಟೇಜಿಗೆ ಹತ್ತಿಸಿಯೂ ಬಿಟ್ಟಳು. ಮುಖ್ಯ ಅತಿಥಿಗಳು ಹಲ್ಲು ಕಿಸಿದುಕೊಂಡು ಚಪ್ಪಾಳೆ ತಟ್ಟಿದರು.

ಬೋರ್ಡಿನ ಕೆಳಗೆ ಸೀಮೆಸುಣ್ಣ ಇಟ್ಟಿದ್ದರು. ಲಿಖಿತಾ ಅದನ್ನು ತೆಗೆದುಕೊಂಡಳು. ಬಲಗೈಯಲ್ಲಿ. ಎಡಗೈಯನ್ನು ಬೆನ್ನ ಹಿಂದೆ, ಲಂಗದ ಮಡಿಕೆಯೊಳಗೆ ಮರೆಸಿದಳು. ತಲೆ ಬರೆಯಲು ಹೋದಳು, ಗೆರೆ ನಡುಗುತ್ತ ಹೋಗಿ ಕೂಡಿಕೊಳ್ಳಲೇ ಇಲ್ಲ. ಜಡೆಗಳು ಎರಡು ಕಡ್ಡಿಗಳಾದವು. ಫ್ಲೆಕ್ಸಿನ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದ ಮಗು ಅದು. ಹಿಂದಿನ ಸಾಲಿನಲ್ಲಿ ಹುಡುಗರು ನಕ್ಕರು. “ಎಷ್ಟು ಮುದ್ದಾಗಿ ಬರೀತಿದೆ ನೋಡಿ ಮಗು!” ಎಂದು ರಘೂತ್ತಮ ಮೈಕಿನಲ್ಲಿ ಹೇಳಿದ. ನನ್ನ ಎಡಕ್ಕೆ ಕೂತಿದ್ದ ಪವಿತ್ರಾ ಮಿಸ್ ಪಕ್ಕದವಳ ಕಡೆ ಬಾಗಿ, “ಈಗ ಎಷ್ಟೋ ಸರಿಹೋಗಿದೆ,” ಎಂದಳು.

ಕೋಮಲ ಸೀರೆ ಎತ್ತಿ ಸಿಕ್ಕಿಸಿಕೊಂಡು ಸ್ಟೇಜು ಹತ್ತಿದಳು. ಅವಳಿಗೆ ಸನ್ಮಾನ ಮಾಡಲು ಕರೆದಿರಲಿಲ್ಲ ಇನ್ನೂ, ಆದರೂ ಒಬ್ಬ ಶಾಲು ಹಿಡಿದು ಎದುರು ಬಂದ. ಅವನನ್ನು ಪಕ್ಕಕ್ಕೆ ಸರಿಸಿ, ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಒರೆಸಿದಳು. ರಘೂತ್ತಮನ ಕೈಯಿಂದ ಮೈಕು ಕಿತ್ತುಕೊಂಡಳು.

“ಈ ಪುಸ್ತ್ಕ ನಾನ್ ಮಾಡಿದ್ದಲ್ಲ. ನಾನ್ ಬರ್ದ ಎಣ್ಮಗ ಎಡಚಿ. ಇವ್ರು ಅವ್ಳ ಕೈ ಮುರ್ದು ಬಲಗಡೆ ಅಂಟ್ಸವ್ರೆ. ನನ್ ಎಸ್ರು ತೆಗೀರಿ ಇದ್ರಿಂದ. ಶಾಲು ನೀವೇ ಒದ್ಕೊಳಿ.”

ಕೋಮಲ ಮಗುವಿನ ಮುಂದೆ ಮಂಡಿಯೂರಿ, ಸೀಮೆಸುಣ್ಣವನ್ನು ಆ ಬಲಗೈಯಿಂದ ಬಿಡಿಸಿಕೊಂಡು ಎಡಗೈಯೊಳಗೆ ಇಟ್ಟಳು. “ಕೂಸೇ, ನಿನ್ ಕೈಲಿ ಬರಿ,” ಎಂದಳು. ಮೈಕು ಅವಳ ಇನ್ನೊಂದು ಕೈಯಲ್ಲೇ ಇತ್ತು. ಅದಕ್ಕೇ ಲಿಖಿತಾ ಗುಟ್ಟಾಗಿ ಹೇಳಿದ ಮಾತು ಇಡೀ ಭವನಕ್ಕೆ ಕೇಳಿಸಿತು.

“ಮಿಸ್ಸು ನೋಡ್ತಾವ್ರೆ ಅತ್ತೆ.”

ಎಲ್ಲರೂ ಪವಿತ್ರಾ ಮಿಸ್ ಕಡೆ ತಿರುಗಿದರು. ಅವಳ ಮುಖ ಕೆಂಪಾಯಿತು, ಆದರೆ ಕಣ್ಣು ಬೋರ್ಡಿನಿಂದ ಕದಲಲಿಲ್ಲ. ಅವಳ ಪಕ್ಕದ ಸಾಲಿನಲ್ಲಿ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಸ್ಟೇಜಿನ ಮೇಲೆ ಮಗು ಸೀಮೆಸುಣ್ಣ ಹಿಡಿದು ಹಾಗೇ ನಿಂತಿತ್ತು. ಬರೆಯಲೂ ಇಲ್ಲ, ಕೆಳಗೆ ಇಡಲೂ ಇಲ್ಲ.

ನಾನು ಎದ್ದೆ. ನಾನು ಗಾತ್ರದ ಹೆಂಗಸು. ಮಂಡಿನೋವು ಬೇರೆ. ಹೋಗಿ ಪವಿತ್ರಾ ಮಿಸ್ ಕೂತಿದ್ದ ಕುರ್ಚಿಯ ಎದುರಿಗೆ, ಬೋರ್ಡಿಗೆ ಬೆನ್ನು ಮಾಡಿ, ಸೆರಗು ಅಗಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವಳು ಕತ್ತು ಆ ಕಡೆ ಈ ಕಡೆ ಹೊರಳಿಸಿದಳು.

“ಮೇಡಂ, ಸ್ವಲ್ಪ ಸರೀತೀರಾ? ಬೋರ್ಡ್ ಕಾಣ್ತಿಲ್ಲ.”

“ಕಾಣಬಾರದು ಅಂತಲೇ ನಿಂತಿರೋದು ಕಣಮ್ಮಾ,” ಎಂದೆ.

ಅವಳು ಏಳಲು ನೋಡಿದಳು. “ಕೂತ್ಕೋ!” ಎಂದು ಗದರಿದೆ, ಹಿಂದಿನ ಬೆಂಚಿಗೆ ಕೇಳಿಸುವಂಥ ನನ್ನ ಹಳೆಯ ಕ್ಲಾಸಿನ ದನಿಯಲ್ಲಿ. ಕೂತಳು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಬೋರ್ಡಿನ ಮೇಲೆ ಸೀಮೆಸುಣ್ಣ ಉಜ್ಜುವ ಸದ್ದು ಶುರುವಾಯಿತು. ಮೊದಲು ತಡೆದು ತಡೆದು, ಆಮೇಲೆ ಒಂದೇ ಸಮನೆ. ಅವಳು ಏನು ಬರೆಯುತ್ತಿದ್ದಾಳೆ ಎಂದು ನೋಡುವ ಆಸೆ ನನಗೂ ಇತ್ತು. ನೋಡಬೇಕಾದರೆ ಪಕ್ಕಕ್ಕೆ ಸರಿಯಬೇಕಿತ್ತು. ನಾನು ಸರಿಯಲಿಲ್ಲ.